ದಿನಾಂಕವಿಲ್ಲದ ನೀರಿನ ನೋಟೀಸು

ಆ ನೋಟೀಸು ಹಳೆಯದೆಂದು ಆ ಮಧ್ಯಾಹ್ನ ನನಗೆ ಹೇಗೆ ಅನ್ನಿಸಿತು ಎಂಬುದು ಖಚಿತವಾಗಿ ನೆನಪಿಲ್ಲ. ಗೆಳೆಯರು ಕೇಳಿದರೆ ತರ್ಕದಿಂದ ಕಂಡುಕೊಂಡೆ ಎನ್ನುತ್ತೇನೆ. ಮಗಳು ಕೇಳಿದರೆ ಸುಮ್ಮನೆ ಧೈರ್ಯ ಮಾಡಿದೆ ಎನ್ನುತ್ತೇನೆ. ಹೆಂಡತಿ ಎದುರಿಗಿದ್ದರೆ ಆ ಮಾತನ್ನೇ ತೆಗೆಯುವುದಿಲ್ಲ. ಏಕೆಂದರೆ ಅವಳ ಪ್ರಕಾರ ನಾನು ಆ ದಿನ ಏನನ್ನೂ ಕಂಡುಕೊಳ್ಳಲಿಲ್ಲ, ಧೈರ್ಯವನ್ನೂ ಮಾಡಲಿಲ್ಲ. ಒದ್ದೆ ಲುಂಗಿಯಲ್ಲಿ ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಅಡ್ಡಾಡುತ್ತಿದ್ದೆ, ಅಷ್ಟೆ. ಅವಳು ಹೇಳುವುದೇ ಸರಿ ಇರಬಹುದು. ಇತ್ತೀಚೆಗೆ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕೋಣೆಗೆ ಹೋಗಿ, ಏನು ತರಲು ಬಂದೆ ಎಂದು ನಿಂತುಬಿಡುತ್ತೇನೆ. ಹೇಳಿದ ಕಥೆಯನ್ನೇ ಮತ್ತೆ ಹೇಳುತ್ತೇನೆ, ಮತ್ತೆ ಹೇಳುವಾಗ ಅದು ಸ್ವಲ್ಪ ಚೆಂದವಾಗಿರುತ್ತದೆ. ಹಾಗೆ ಚೆಂದವಾಗುವುದೇ ನನಗೆ ಹೆದರಿಕೆ ಹುಟ್ಟಿಸುತ್ತದೆ.

ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಶಾಸನಗಳ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಓದುವುದನ್ನಲ್ಲ, ಅನುಮಾನಿಸುವುದನ್ನು. ಕಲ್ಲಿನ ಮೇಲಿದೆ ಎಂದ ಮಾತ್ರಕ್ಕೆ ನಿಜವಲ್ಲ. ಯಾರು ಬರೆಸಿದರು, ಯಾವಾಗ ಬರೆಸಿದರು, ಯಾರು ಓದಲಿ ಎಂದು ಬರೆಸಿದರು ಎಂದು ಕೇಳಬೇಕು. ಆ ಚಟ ನೌಕರಿಗೆ ಉಪಯೋಗಕ್ಕೆ ಬರಲಿಲ್ಲ, ಆದರೆ ವಾಟ್ಸಾಪಿಗೆ ಬಂತು. ನಮ್ಮ ಓಣಿಯ ಗ್ರೂಪಿನಲ್ಲಿ ಯಾರು ಏನು ಹಾಕಿದರೂ ‘ಇದಕ್ಕೆ ಆಧಾರವೇನು?’ ಎಂದು ಕೇಳುವವನು ನಾನೊಬ್ಬನೇ. ಮೊದಮೊದಲು ಮಂದಿ ಉತ್ತರ ಕೊಡುತ್ತಿದ್ದರು. ಬರಬರುತ್ತ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗತೊಡಗಿದರು. ಬಂದದ್ದನ್ನೆಲ್ಲ ಕಸ ಎಂದು ನಾನು ಆಗಾಗ ಫೋನಿನಿಂದ ಅಳಿಸಿಯೂ ಹಾಕುತ್ತೇನೆ. ಹಾಗಾಗಿ ನನ್ನ ಫೋನಿನಲ್ಲಿ ಹಳೆಯದೇನೂ ಉಳಿಯುವುದಿಲ್ಲ. ಇದು ಮುಂದೆ ತೊಂದರೆ ಕೊಟ್ಟಿತು.

ನಾವಿರುವುದು ನವನಗರದಲ್ಲಿ. ನಮ್ಮ ಓಣಿಗೆ ದಿನಾ ನೀರು ಬರುವುದಿಲ್ಲ, ಪಾಳಿಯ ಮೇಲೆ ಬರುತ್ತದೆ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಆದರೆ ಪಾಳಿಯ ದಿನ ಬೆಳಿಗ್ಗೆ ನಮ್ಮಲ್ಲಿ ಮೊದಲು ನಡೆಯುವ ಕೆಲಸವೆಂದರೆ ಇದ್ದ ನೀರನ್ನು ಚೆಲ್ಲುವುದು. ಹಳೆಯ ನೀರಿನೊಳಗೆ ಹೊಸ ನೀರು ಬೀಳುವುದು ನನ್ನ ಹೆಂಡತಿಗೆ ಆಗುವುದಿಲ್ಲ. ಓಣಿಯಲ್ಲಿ ಯಾರಿಗೂ ಆಗುವುದಿಲ್ಲ. ಗಿಡಗಳಿಗೆ ಹಾಕಿ, ಮೆಟ್ಟಿಲು ತೊಳೆದು, ಸ್ಕೂಟರು ತೊಳೆದು, ಇನ್ನೂ ಉಳಿದರೆ ರಸ್ತೆಗೆ ಹೊಡೆದು, ನೆಲದೊಳಗಿನ ಟಾಕಿಯನ್ನು ತಿಕ್ಕಿ ಒಣಗಿಸಿಟ್ಟುಕೊಂಡು ಕಾಯುತ್ತೇವೆ. ನೀರಿಗಾಗಿ ಇಷ್ಟು ಕಾಯುವವರು ಇಷ್ಟು ಚೆಲ್ಲುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ದಿನವಂತೂ ಚೆಲ್ಲುವುದಕ್ಕೆ ಹೆಚ್ಚಿನ ಕಾರಣವಿತ್ತು. ಮಗಳು ಬಾಣಂತನಕ್ಕೆ ಬಂದಿದ್ದಳು. ಮರುದಿನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯಕ್ರಮ. ಕೇಶ್ವಾಪುರದಿಂದ ಬೀಗರ ಮನೆಯವರೆಲ್ಲ ಬರುವವರಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಎಂದರೆ ಅಳಿಯನ ತಂಗಿ. ಅವಳು ನನ್ನ ಮಗಳ ಕಾಲೇಜಿನ ಗೆಳತಿ. ಈ ಸಂಬಂಧ ಕೂಡಿಬಂದದ್ದೇ ಅವಳಿಂದ. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಹೆಸರಿಟ್ಟ ಮಾರನೆಯ ದಿನ ಕಾರ್ಖಾನೆಯವರು ಅವಳನ್ನು ಹಲವು ತಿಂಗಳ ತರಬೇತಿಗೆಂದು ಪುಣೆಗೆ ಕಳಿಸುವವರಿದ್ದರು. ಆದ್ದರಿಂದಲೇ ಆ ದಿನವನ್ನು ಹಿಡಿದದ್ದು. ಕೂಸಿಗೆ ಹೆಸರು ಹೇಳಿದರೆ ಅವಳೇ ಹೇಳಬೇಕು ಎಂದು ಮಗಳು ಹೊಟ್ಟೆಯಲ್ಲಿ ಕೂಸಿದ್ದಾಗಿನಿಂದ ಹಟ ಹಿಡಿದಿದ್ದಳು.

ನಾನು ಟಾಕಿಯ ಒಳಗೆ ನಿಂತು ಗೋಡೆ ತಿಕ್ಕುತ್ತಿದ್ದೆ. ಮೇಲೆ ಬೆಳಕಿನ ಚೌಕದಲ್ಲಿ ಎದುರುಮನೆಯ ಕಾಕು ಬಗ್ಗಿದರು.

“ಒಳಗ ಅದೀರೇನ್ರಿ?”

“ಅದೀನ್ರಿ ಕಾಕು.”

“ತಿಕ್ಕಿದ್ದು ಸಾಕ ಮಾಡ್ರಿ. ನೀರ ಬರೂದಿಲ್ಲಂತ.”

ಹಿತ್ತಿಲಲ್ಲಿ ಕೊಡ ಬೆಳಗುತ್ತಿದ್ದ ಹೆಂಡತಿ ಓಡಿ ಬಂದಳು. ಕಾಕು ಫೋನನ್ನು ಅವಳಿಗೆ ತೋರಿಸಿ, ನಂತರ ನನಗೂ ಕಾಣಲಿ ಎಂದು ಟಾಕಿಯ ಬಾಯಿಯೊಳಗೆ ಹಿಡಿದರು. ಕೆಳಗಿನಿಂದ ಕತ್ತು ಚಾಚಿ ಓದಿದೆ. ಟೈಪು ಮಾಡಿದ ನೋಟೀಸಿನ ಚಿತ್ರ. ಕೊಳವೆಯ ತುರ್ತು ದುರಸ್ತಿ ನಡೆದಿರುವುದರಿಂದ ನವನಗರ ಮತ್ತು ಸುತ್ತಲಿನ ಬಡಾವಣೆಗಳಿಗೆ ಮುಂದಿನ ಸೂಚನೆಯವರೆಗೆ ನೀರು ಇರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು ಎಂದಿತ್ತು. ಕೆಳಗೆ ಮುದ್ರೆಯ ಅರ್ಧ ಭಾಗ ಮಾತ್ರ ಕಾಣುತ್ತಿತ್ತು. ಅಲ್ಲಿಗೆ ಚಿತ್ರ ಮುಗಿದಿತ್ತು.

“ದಿನಾಂಕ ಎಲ್ಲೈತ್ರಿ ಇದರಾಗ?” ಎಂದೆ.

“ಈಗ ಬಂದೈತಿ ಅಂದ್ರ ಈಗಿಂದ ಅಲ್ಲೇನ್ರಿ?” ಎಂದರು ಕಾಕು.

ಹೆಂಡತಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಾಣಂತಿಗೂ ಕೂಸಿಗೂ ಎರೆಯಲು ಹಂಡೆಯಲ್ಲಿಟ್ಟ ನೀರು, ಕುಡಿಯಲು ತುಂಬಿಸಿಟ್ಟ ಕೆಲವು ಕೊಡ. ಇವನ್ನು ಬಿಟ್ಟರೆ ಮನೆಯಲ್ಲಿ ನೀರಿರಲಿಲ್ಲ. ಉಳಿದದ್ದೆಲ್ಲ ಬೆಳಿಗ್ಗೆಯೇ ರಸ್ತೆಯ ಮೇಲೆ ಹರಿದು, ಆ ಹೊತ್ತಿಗೆ ಒಣಗಿಯೂ ಆಗಿತ್ತು.

ಟಾಕಿಯಿಂದ ಮೇಲೆ ಬಂದು ನಾನು ಟ್ಯಾಂಕರಿನ ಮಾತು ತೆಗೆದೆ.

“ಟ್ಯಾಂಕರಿನಾವ್ರು ಬೋರ್ ನೀರ ತರ್ತಾರ, ಸವಳ ನೀರು,” ಎಂದಳು ಹೆಂಡತಿ. “ಸವಳ ನೀರಾಗ ಕಡ್ಲಿಬ್ಯಾಳಿ ಕುದೀತಾವೇನ್ರಿ? ಬೀಗರಿಗೆ ಹರಳಿನಂಥಾ ಹೂರಣದ ಹೋಳಿಗಿ ನೀಡೂಣೇನು? ಕೂಸಿಗೆ ಅದನ್ನ ಎರೀಲೇನು?”

ಆದರೂ ಫೋನು ಮಾಡಿದೆ. ಟ್ಯಾಂಕರಿನವರು ನಗುತ್ತ, ಇವತ್ತು ಇಡೀ ನವನಗರ ನಮ್ಮನ್ನೇ ಕರೆಯುತ್ತಿದೆ, ನಾಡಿದ್ದು ನೋಡೋಣ ಎಂದರು. ನೀರು ಸರಬರಾಜಿನವರ ನಂಬರು ಸದಾ ಎಂಗೇಜು. ಅವರ ಜಾಲತಾಣ ತೆರೆದೆ. ಅಲ್ಲಿ ಆ ದಿನದ ಬಗ್ಗೆ ಏನೂ ಇರಲಿಲ್ಲ. ಇಲ್ಲ ಎಂದರೆ ದುರಸ್ತಿ ಇಲ್ಲ ಎಂದೋ, ಇನ್ನೂ ಹಾಕಿಲ್ಲ ಎಂದೋ? ಶಾಸನ ಸಿಗಲಿಲ್ಲ ಎಂದರೆ ರಾಜ ಇರಲಿಲ್ಲ ಎಂದಲ್ಲವಲ್ಲ.

ಅಷ್ಟರಲ್ಲಿ ಓಣಿಯ ಗ್ರೂಪು ತುಂಬಿಹೋಗಿತ್ತು. ‘ಖರೇ ಐತಿ, ನಮಗೂ ಬಂದೈತಿ’ ಎಂದು ಒಬ್ಬರು, ‘ನಮ್ಮ ಅಕ್ಕಗೂ ಬಂದೈತಿ’ ಎಂದು ಇನ್ನೊಬ್ಬರು. ಎಲ್ಲರೂ ಅದೇ ಚಿತ್ರವನ್ನು, ಅದೇ ಅರ್ಧ ಮುದ್ರೆಯನ್ನು, ಆಧಾರವೆಂದು ಮತ್ತೆ ಹಾಕುತ್ತಿದ್ದರು. ಒಂದೇ ಕಲ್ಲಿನ ಮೇಲೆ ಹತ್ತಾರು ಸಲ ಕಾಗದವಿಟ್ಟು ಅಚ್ಚು ತೆಗೆದರೆ ಹತ್ತಾರು ಶಾಸನ ಆಗುವುದಿಲ್ಲ ಎಂದು ಬರೆಯಬೇಕೆನ್ನಿಸಿತು. ಬರೆಯಲಿಲ್ಲ. ಬರೆದಿದ್ದರೆ ಹತ್ತಾರು ಕೈಮುಗಿದ ಚಿತ್ರಗಳು ಬರುತ್ತಿದ್ದವು.

ಒಳಗಿನ ಕೋಣೆಯಿಂದ ಮಗಳ ದನಿ ಬಂತು, ನಾವಿಬ್ಬರೂ ಬಾಗಿಲಿಗೆ ಹೋದೆವು. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಅವ್ವಾ, ಕಾರ್ಯಕ್ರಮ ಮುಂದಕ್ಕ ಹಾಕೂ ಮಾತ ಆಡಬ್ಯಾಡ.”

“ಹಾಕಲಾರದ ಏನ ಮಾಡ್ಲಿ? ಬಂದ ಮಂದಿ ಕೈ ಎಲ್ಲಿ ತೊಳಕೋಬೇಕು? ಹೆಸರ ಹೇಳಾಕ ಇನ್ನೊಬ್ಬಾಕಿ ಸೋದರತ್ತಿ ಅದಾಳಲ್ಲ, ಅಳಿಯಂದ್ರ ದೊಡ್ಡಪ್ಪನ ಮಗಳು.”

“ಅಕಿ ನನ್ನ ಮುಖ ನೋಡಿದ್ದ ಎರಡ ಸರತಿ!” ಎಂದು ಅವಳು ನನ್ನ ಕಡೆ ತಿರುಗಿದಳು. ಕಣ್ಣು ತುಂಬಿದ್ದವು, ಆದರೂ ಅಳಲಿಲ್ಲ. “ಅಪ್ಪಾ, ನೀವು ಎಲ್ಲಾರ ಸುದ್ದೀನೂ ಸುಳ್ಳ ಅಂತೀರಿ. ಇದೊಂದ ಸುಳ್ಳ ಅನ್ರಿ ನೋಡೂಣು.”

ಆ ಮಾತು ನಾಟಿತು. ಬೇರೆಯವರ ಸುದ್ದಿಯನ್ನು ಸುಳ್ಳು ಎನ್ನುವುದಕ್ಕೆ ನನಗೆ ಯಾವ ಖರ್ಚೂ ಇರುತ್ತಿರಲಿಲ್ಲ. ಈಗ ಸುಳ್ಳು ಎಂದು ಹೇಳಿ, ಅದು ನಿಜವಾದರೆ, ನಾಳೆ ಮನೆ ತುಂಬ ಮಂದಿ ಇರುತ್ತಾರೆ, ನೀರಿರುವುದಿಲ್ಲ. ನಿಜ ಎಂದು ಹೇಳಿ, ಅದು ಸುಳ್ಳಾದರೆ, ಕೂಸಿಗೆ ಹೆಸರು ಹೇಳಬೇಕಾದವಳು ಪುಣೆಯಲ್ಲಿರುತ್ತಾಳೆ.

ದಿನಾಂಕ ಒಡೆದುಹೋದ ಕಲ್ಲು ಸಿಕ್ಕರೆ ನಾವು ಅದು ಎಲ್ಲಿಂದ ಬಂತು ಎಂದು ಕೇಳುತ್ತಿದ್ದೆವು. ಯಾವ ಹೊಲದಿಂದ, ಯಾವ ಗುಡಿಯ ಗೋಡೆಯಿಂದ. ಅದನ್ನೇ ಮಾಡಿದೆ. ಎದುರುಮನೆಗೆ ಹೋಗಿ, ಈ ಚಿತ್ರ ನಿಮಗೆ ಕಳಿಸಿದವರು ಯಾರು ಎಂದು ಕಾಕುಗೆ ಕೇಳಿದೆ.

“ನನ್ನ ತಂಗಿ. ಯಾಕ್ರಿ, ಅಕಿ ಮ್ಯಾಲೂ ಸಂಶೇನೇನು?”

“ಅವ್ರ ಮ್ಯಾಲ ಇಲ್ರಿ. ಅವ್ರಿಗೆ ಕಳಿಸಿದಾವ್ರ ಮ್ಯಾಲ.”

ಕಾಕು ಅಲ್ಲಿಯೇ ತಂಗಿಗೆ ಫೋನು ಹಚ್ಚಿಕೊಟ್ಟರು. ತಂಗಿ ಇರುವುದು ಕೇಶ್ವಾಪುರದಲ್ಲಿ. ಅವರಿಗೆ ಅದು ಬಂದದ್ದು ಅವರ ಭಜನಾ ಮಂಡಳಿಯ ಗ್ರೂಪಿನಿಂದ. ಅಲ್ಲಿ ಹಾಕಿದವರು ಯಾರು ಎಂದು ಕೇಳಿದ್ದಕ್ಕೆ ಅವರು ಗ್ರೂಪು ತೆರೆದು ನೋಡಿ, “ಇದೇನ್ರಿ, ನಿಮ್ಮ ಬೀಗತೇರ ಹಾಕ್ಯಾರ,” ಎಂದರು.

ಬೀಗತಿ, ಎಂದರೆ ಅಳಿಯನ ತಾಯಿ. ಕಾಳಿನ ವ್ಯಾಪಾರದ ಮನೆತನದವರು. ಮಾತು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ನಾನು ಫೋನು ಮಾಡಿದ ಕೂಡಲೇ ಅವರೇ ಶುರುಮಾಡಿದರು.

“ಬೀಗರ, ನಿಮ್ಮ ಓಣ್ಯಾಗ ನೀರ ಇಲ್ಲಂತಲ್ರಿ! ಹೆಂಗ ಮಾಡಾಕತ್ತೀರಿ? ನಾವ ಬರೂವಾಗ ನಾಕ ಹಂಡೆ ತುಂಬಕೊಂಡ ಬರೂಣೇನು? ಕೂಸಿನ ತೊಟ್ಲಾ ಎತ್ತಿಕೊಂಡ ಇಲ್ಲೇ ಬಂದ ಬಿಡ್ರಿ ಅಂದ್ರೂ ನಾ ಒಲ್ಲೆ ಅನ್ನೂದಿಲ್ಲ.”

“ಅಕ್ಕಾರ, ಆ ನೋಟೀಸ ನಿಮಗ ಯಾರ ಕಳಿಸಿದ್ರು?”

“ಯಾರೂ ಕಳಿಸಿಲ್ರಿ. ಫೋನಿನ್ಯಾಗ ಇತ್ತು.”

“ತಾನ ಹೆಂಗ ಬರ್ತೈತ್ರಿ ಫೋನಿನ್ಯಾಗ?”

“ಮೊನ್ನೆ ನನ್ನ ಮಗಾ ಹೊಸಾ ಫೋನ ತಂದಾನಲ್ರಿ. ಹಳೇದ್ರಾಗಿನ ಫೋಟೋ, ವಾಟ್ಸಾಪ ಎಲ್ಲಾ ಇದಕ್ಕ ಹಾಕಿ ಕೊಟ್ಟಾ. ನಾ ಮುಂಜಾನೆ ನಮ್ಮ ಮದುವಿ ಫೋಟೋ ಹುಡಕಾಕತ್ತಿದ್ನಿ, ಇದ ಬಂತು. ಮ್ಯಾಲ ನಿನ್ನಿ ತಾರೀಖ ತೋರಸ್ತಿತ್ತು. ಅಯ್ಯ ನಮ್ಮ ಸೊಸಿ ತವರಮನಿಗೆ ನೀರ ಇಲ್ಲಲ್ಲಾ ಅಂತ ಹೇಳಿ ಮಂಡಳ್ಯಾಗ ಹಾಕಿದ್ನಿ. ಯಾರ್ದರ ಕೈಲಿಂದ ನಿಮಗ ಟ್ಯಾಂಕರ ಸಿಗಲಿ ಅಂತ.”

ಫೋನು ಇಟ್ಟು ನಾನು ಅಡ್ಡಾಡತೊಡಗಿದ್ದು ಆಗಲೇ ಇರಬೇಕು. ಹೊಸ ಫೋನಿಗೆ ಹಾಕಿದಾಗ ಹಳೆಯ ಚಿತ್ರಗಳಿಗೆಲ್ಲ ನಿನ್ನೆಯ ತಾರೀಖು ಬಿದ್ದಿರಬಹುದು. ಹಾಗಾದರೆ ನೋಟೀಸು ಹಳೆಯದು. ಆದರೆ ನಿನ್ನೆಯೇ ಯಾರೋ ಕಳಿಸಿದ್ದು ಆ ಹಳೆಯ ಚಿತ್ರಗಳ ನಡುವೆ ಸೇರಿಕೊಂಡಿರಬಾರದೆಂದು ಏನಿದೆ? ಅವರ ಒಳ್ಳೆಯತನದಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಬಂದ ಸುದ್ದಿಗೆ ತಾರೀಖು ತಾನಾಗಿ ಅಂಟಿಕೊಳ್ಳುವುದಿಲ್ಲ.

ಆಗಲೇ ನನಗೆ ಇದನ್ನು ಮೊದಲೊಮ್ಮೆ ನೋಡಿದ್ದೇನೆ ಎನ್ನಿಸಿತು. ಆ ಅರ್ಧ ಮುದ್ರೆಯನ್ನು. ಅದರ ಜೊತೆಗೆ ಇನ್ನೊಂದು ಚಿತ್ರವೂ ಬಂತು: ಯಾವುದೋ ಬೇಸಿಗೆ, ನಲ್ಲಿ ಒಣಗಿದೆ, ನಾನು ಚಹಾದ ಕಪ್ಪಿನಲ್ಲಿ ನೀರಿಟ್ಟುಕೊಂಡು ಗಡ್ಡ ಹೆರೆಯುತ್ತಿದ್ದೇನೆ. ಹೆಂಡತಿಗೆ ಹೇಳಿದೆ.

“ಕಪ್ಪಿನ್ಯಾಗ? ಯಾವಾಗ?”

“ಆಗೊಮ್ಮೆ ಬ್ಯಾಸಗ್ಯಾಗ ನೀರ ನಿಂತಿತ್ತಲ್ಲ.”

“ಆಗ ನೀವು ಗಡ್ಡಾ ಬಿಟ್ಟಿದ್ರಿ,” ಎಂದಳು. “ನಿಮಗ ಈಗ ಎಲ್ಲಾನೂ ಮೊದಲ ನೋಡಿದಂಗ ಅನಸಾಕತ್ತೈತಿ.”

ಅವಳು ತಮಾಷೆಗೇ ಹೇಳಿದ್ದು. ಆದರೆ ನನಗದು ತಮಾಷೆ ಅನ್ನಿಸಲಿಲ್ಲ. ಒಂದು ಕಡೆ ಅಚ್ಚುಕಟ್ಟಾಗಿ ಟೈಪು ಮಾಡಿದ, ಮುದ್ರೆಯೊತ್ತಿದ ನೋಟೀಸು. ಇನ್ನೊಂದು ಕಡೆ ಗಡ್ಡವಿದ್ದಾಗ ಗಡ್ಡ ಹೆರೆದುಕೊಂಡಂತೆ ತೋರಿಸುವ ನನ್ನ ತಲೆ. ಮೂರನೆಯವರು ಬಂದು ಈ ಎರಡರಲ್ಲಿ ಯಾವುದನ್ನು ನಂಬಲಿ ಎಂದು ಕೇಳಿದ್ದರೆ, ನೋಟೀಸನ್ನೇ ನಂಬಿ ಎಂದು ನಾನೇ ಹೇಳುತ್ತಿದ್ದೆ.

ಇಲ್ಲಿಂದ ಮುಂದಿನದು ನಮ್ಮ ಮನೆಯಲ್ಲಿ ಇನ್ನೂ ತೀರದ ವಾದ. ತೊಟ್ಟಿಲ ಕಾರ್ಯಕ್ರಮಕ್ಕೆ ಗುಗ್ಗರಿ ಹಂಚಬೇಕು. ಗುಗ್ಗರಿ ಎಂದರೆ ಬೇಯಿಸಿದ ಕಾಳು. ಅದಕ್ಕೆ ಕಾಳನ್ನು ಹಿಂದಿನ ದಿನವೇ ನೆನೆಹಾಕಬೇಕು. ನೆನೆಹಾಕಿದರೆ ಕುಡಿಯುವ ನೀರಿನ ಎರಡು ಕೊಡ ಅದಕ್ಕೇ ಹೋಗುತ್ತದೆ, ಮತ್ತೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ನನ್ನ ನೆನಪಿನಲ್ಲಿ, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, “ನೋಟೀಸ ಹಳೇದೈತಿ. ಕಾಳ ನೆನೀಗೆ ಹಾಕು,” ಎಂದೆ. ದನಿ ಗಟ್ಟಿಯಾಗಿತ್ತು. ಹೆಂಡತಿಯ ನೆನಪಿನಲ್ಲಿ, ನಾನು ಬಾಗಿಲಿಗೆ ಬರುವ ಹೊತ್ತಿಗೆ ಕಾಳು ಪಾತ್ರೆಯಲ್ಲಿ ಮುಳುಗಿದ್ದವು. ಮಗಳ ಮುಖ ನೋಡಲಾಗದೆ ಅವಳೇ ನೀರು ಹೊಯ್ದಿದ್ದಳು. ನಾನು ಅದನ್ನು ನೋಡಿ, “ಹಾಕಿದೇನು?” ಎಂದೆನಂತೆ. ದನಿ ನಡುಗುತ್ತಿತ್ತಂತೆ. ಮಗಳಿಗೆ ಕೇಳಿದರೆ, ಆಗ ತನಗೆ ಕೂಸು ಅಳುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ ಎನ್ನುತ್ತಾಳೆ.

ಯಾರೇ ಹೇಳಿರಲಿ, ಕಾಳು ನೀರು ಕುಡಿದು ಉಬ್ಬತೊಡಗಿದವು. ನಾವು ಮೂವರೂ ಪಡಸಾಲೆಯಲ್ಲಿ ಕೂತೆವು. ಯಾರೂ ಬೀಗರಿಗೆ ಫೋನು ಮಾಡಲಿಲ್ಲ. ಯಾರೂ ಫೋನು ನೋಡಲೂ ಇಲ್ಲ. ಸಂಜೆ ದೇವರ ಮುಂದೆ ದೀಪ ಹಚ್ಚಿ ಹೆಂಡತಿ ಹೊರಗೆ ಬಂದಳೋ ಇಲ್ಲವೋ, ಅಂಗಳದ ಪೈಪು ಕೆಮ್ಮಿತು.

ಮೊದಲು ಬರೀ ಗಾಳಿ. ಸುಂಯ್ ಎಂದು ಬಂದು ನಿಂತಿತು. ಮತ್ತೆ ಕೆಮ್ಮಿ ಒಂದಿಷ್ಟು ಕೆಂಪು ನೀರು ಉಗುಳಿತು. ಆಮೇಲೆ ಖಾಲಿ ಟಾಕಿಯ ತಳಕ್ಕೆ ನೀರು ಬೀಳುವ ಸದ್ದು. ತುಂಬಿದ ಟಾಕಿಗೆ ಬಿದ್ದರೆ ಆ ಸದ್ದು ಬರುವುದಿಲ್ಲ. ನೀರೆಲ್ಲ ಚೆಲ್ಲಿ ಕಾದವರಿಗೆ ಮಾತ್ರ ಅದು ಕೇಳಿಸುತ್ತದೆ. ನಾನು ಟಾಕಿಯ ಬಾಯಿಯ ಬಳಿ ಕುಕ್ಕರಗಾಲಲ್ಲಿ ಕೂತು ಕೇಳಿದೆ. ಎದ್ದು ಬರಲು ಮನಸ್ಸಾಗಲಿಲ್ಲ. ಮಗಳು ಕೂಸನ್ನು ಎತ್ತಿಕೊಂಡು ಬಾಗಿಲವರೆಗೆ ಬಂದಳು. ಬಾಣಂತಿ ಸಂಜೆ ಗಾಳಿಗೆ ಹೊಸ್ತಿಲು ದಾಟಬಾರದೆಂದು ಗದರುವ ಹೆಂಡತಿ ಆ ಸಂಜೆ ಗದರಲಿಲ್ಲ.

ಓಣಿಯ ತುಂಬ ಕೊಡಗಳ ಸದ್ದೆದ್ದಿತು. ಕಾಕು ತಮ್ಮ ಗೇಟಿನಿಂದಲೇ ಕೂಗಿದರು.

“ಬಂತಲ್ರಿ! ಅದ್ಯಾವ ಮೂಳ ಮೊದಲ ಆ ನೋಟೀಸ ಕಳಿಸಿದ್ನೋ, ಸಿಕ್ರ ಹಿಡದ ಟಾಕ್ಯಾಗ ಮುಳಗಸಬೇಕ ನೋಡ್ರಿ!”

“ಮುಳಗಸಬೇಕ್ರಿ,” ಎಂದೆ ನಾನು. ಮನಸ್ಸು ಹಗುರಾಗಿತ್ತು. ಆಗ ಯಾರು ಏನು ಹೇಳಿದ್ದರೂ ಹೌದು ಎನ್ನುತ್ತಿದ್ದೆ.

ಮರುದಿನ ಬೇಳೆ ಬೆಣ್ಣೆಯಂತೆ ಬೆಂದಿತು. ಬೀಗತಿ ಕಾರಿನಲ್ಲಿ ನಿಜವಾಗಿಯೂ ಒಂದು ಹಂಡೆ ನೀರು ಇಟ್ಟುಕೊಂಡು ಬಂದಿದ್ದರು. ಹಾದಿಯಲ್ಲಿ ತುಳುಕಿ ಅವರ ಇಳಕಲ್ ಸೀರೆಯ ಸೆರಗು ಒದ್ದೆಯಾಗಿತ್ತು. “ನಂದ ನೀರ ಮೊದಲ ತೊಗೊಳ್ರಿ, ಆಮ್ಯಾಲ ನಕ್ಕೋರಿ,” ಎಂದರು. ಸೋದರತ್ತೆ ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದಳು. ಹೇಳಿ ಮುಗಿಸುವ ಮೊದಲೇ ಸುತ್ತ ನಿಂತ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದತೊಡಗಿದರು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ನನ್ನ ಮಗಳು. “ಪುಣೇತನಕ ನೆನಪ ಇರಲಿ,” ಎಂದಳು. ಆ ಹುಡುಗಿ ಬೆನ್ನು ನೀವಿಕೊಳ್ಳುತ್ತ, ಅಳುತ್ತ, ನಗುತ್ತ ನಿಂತಿದ್ದಳು. ಇದನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ. ವಿಡಿಯೋ ಇದೆ.

ಬಾಣಂತನ ಮುಗಿದ ಮೇಲೆ ಮಗಳನ್ನೂ ಕೂಸನ್ನೂ ಕೇಶ್ವಾಪುರಕ್ಕೆ ಬಿಡಲು ಹೋದೆವು. ಊಟವಾದ ಮೇಲೆ ಬೀಗತಿ ತಮ್ಮ ಹೊಸ ಫೋನನ್ನು ನನ್ನ ಕೈಗಿಟ್ಟರು.

“ಬೀಗರ, ನೀವ ಕಳಿಸಿದ್ದ ಕೂಸಿನ ಫೋಟೋ ಇದರಾಗ ಎಲ್ಲೋ ಐತಿ. ಹುಡಕಿ ಕೊಡ್ರಿ. ನನಗ ಒಂದ ಒತ್ತಿದ್ರ ಇನ್ನೊಂದ ಬರ್ತೈತಿ.”

ನನ್ನ ಹೆಸರನ್ನು ಒತ್ತಿ, ನಾನು ಅವರಿಗೆ ಕಳಿಸಿದ್ದನ್ನೆಲ್ಲ ಮೇಲಕ್ಕೆ ಸರಿಸುತ್ತ ಹೋದೆ. ನನ್ನ ಫೋನಿನಲ್ಲಿ ಅಳಿಸಿಹೋದದ್ದೆಲ್ಲ ಇವರಲ್ಲಿ ಭದ್ರವಾಗಿತ್ತು. ಬೆರಳು ಜಾರಿ ಬಹಳ ಹಿಂದಕ್ಕೆ ಹೋಯಿತು. ಮದುವೆಗೂ ಹಿಂದಕ್ಕೆ, ಅವರು ಇನ್ನೂ ಬೀಗರಾಗಿರದ ಬೇಸಿಗೆಗೆ. ಅಲ್ಲಿ ಆ ನೋಟೀಸು ಇತ್ತು. ಕಳಿಸಿದವನು ನಾನು. ಅವರು ಮನೆ ನೋಡಲು ಬರಬೇಕಿದ್ದ ಹಿಂದಿನ ದಿನ ಕಳಿಸಿದ್ದೆ. ಕೆಳಗೆ ನಾನೇ ಬರೆದ ಸಾಲಿತ್ತು: ‘ಅಕ್ಕಾರ, ನಮ್ಮಲ್ಲಿ ನೀರಿಲ್ಲ, ನಾಳೆ ಬರುವುದು ಬೇಡ. ಇದು ಖರೇ ಸುದ್ದಿ. ನಾನೇ ವಿಚಾರಿಸಿದ್ದೇನೆ.’

ನಗು ತಡೆಯಲಾಗಲಿಲ್ಲ. ಹೆಂಡತಿ ಏನು ಎಂದು ಕಣ್ಣಲ್ಲೇ ಕೇಳಿದಳು. ಫೋನನ್ನು ಅವಳ ಕಡೆ ತಿರುಗಿಸಿದೆ. ಓದಿದಳು. “ಕಾಕುಗೆ ಹೇಳ್ಲೇನು? ಟಾಕಿ ತುಂಬೈತಿ,” ಎಂದಳು.

ಎಷ್ಟೋ ದಿನಗಳಿಂದ ಎದೆಯ ಮೇಲಿದ್ದದ್ದು ಇಳಿದಂತಾಯಿತು. ನಾನು ಆ ನೋಟೀಸನ್ನು ಮೊದಲೇ ನೋಡಿದ್ದೆ. ಆ ಮಧ್ಯಾಹ್ನ ನನ್ನ ತಲೆ ಏನನ್ನೂ ಕಟ್ಟಿ ಹೇಳಿರಲಿಲ್ಲ. ಕಪ್ಪಿನ ನೀರಿನಲ್ಲಿ ಗಡ್ಡ ಹೆರೆದದ್ದು ನಿಜವೋ ಸುಳ್ಳೋ, ದಿನಾಂಕದ ಸಾಲು ಬಿಟ್ಟುಹೋದದ್ದು ಯಾರ ಕೈಯಿಂದಲೋ, ಕಾಳು ನೆನೆಹಾಕು ಎಂದವರು ಯಾರೋ, ಇವು ಯಾವುವೂ ನನಗೆ ಇನ್ನೂ ಗೊತ್ತಿಲ್ಲ. ಆದರೆ ಆ ನೋಟೀಸನ್ನು ಬೀಗತಿಗೆ ಕಳಿಸಿದವನು ನಾನೇ. ತಾರೀಖನ್ನು ಎರಡು ಸಲ ನೋಡಿದ್ದೇನೆ, ಹೆಂಡತಿಯ ಕೈಯಲ್ಲಿ ಇನ್ನೊಂದು ಸಲ ಓದಿಸಿದ್ದೇನೆ.